ಸ್ಪೀಡೋಮೀಟರ್ ಸರಿಯಿದ್ದರೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಪಿ0720 ಕೋಡ್ ಏಕೆ?

ಪ್ರಶ್ನೆ

ನನ್ನ ಕಾರಿನಲ್ಲಿರುವುದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಈಚೆಗೆ ಓಡುತ್ತಿರುವಾಗಲೇ ಜಗ್ಗಿದಂತಾಗಿ ಗಾಡಿ ಮೂರನೇ ಗೇರಿನಲ್ಲೇ ಉಳಿದುಬಿಡುತ್ತದೆ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0720, ಅಂದರೆ ಔಟ್‌ಪುಟ್ ಸ್ಪೀಡ್ ಸೆನ್ಸರ್ ಸರ್ಕ್ಯೂಟಿನ ದೋಷ, ಎಂದು ಬಂತು. ಆದರೆ ಸ್ಪೀಡೋಮೀಟರ್ ವೇಗವನ್ನು ಸರಿಯಾಗಿಯೇ ತೋರಿಸುತ್ತಿದೆ. ಇದು ಹೇಗೆ ಸಾಧ್ಯ? ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಇಂದಿನ ಅನೇಕ ಕಾರುಗಳಲ್ಲಿ ಸ್ಪೀಡೋಮೀಟರಿಗೆ ವೇಗದ ಮಾಹಿತಿ ಬರುವುದು ಚಕ್ರಗಳ ಬಳಿಯಿರುವ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರುಗಳಿಂದ. ಗೇರ್‌ಬಾಕ್ಸಿನ ಸೆನ್ಸರುಗಳು ಬೇರೆ: ಒಂದು ಟಾರ್ಕ್ ಕನ್ವರ್ಟರಿನಿಂದ ಒಳಬರುವ ಶಾಫ್ಟಿನ ವೇಗವನ್ನೂ ಇನ್ನೊಂದು ಹೊರಹೋಗುವ ಶಾಫ್ಟಿನ ವೇಗವನ್ನೂ ಅಳೆಯುತ್ತದೆ. ಗೇರ್‌ಬಾಕ್ಸನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್ ಮಾಡ್ಯೂಲ್, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಗೇರ್ ಅನುಪಾತವನ್ನು ಪರೀಕ್ಷಿಸುತ್ತದೆ. ಮೂರನೇ ಗೇರಿನ ಅನುಪಾತ 1.5 ಎಂದಿಟ್ಟುಕೊಂಡರೆ, ಔಟ್‌ಪುಟ್ 2000 ಆರ್‌ಪಿಎಂ ಇರುವಾಗ ಇನ್‌ಪುಟ್ 3000 ಇರಬೇಕು. ಅದು 3300 ತೋರಿಸಿದರೆ ಒಳಗಿನ ಕ್ಲಚ್ ಜಾರುತ್ತಿದೆ ಎಂದು ಮಾಡ್ಯೂಲಿಗೆ ತಿಳಿಯುತ್ತದೆ. ಒಂದು ಸಂಕೇತವೇ ಬರದಿದ್ದಾಗ ಈ ಲೆಕ್ಕ ಸಾಧ್ಯವಾಗದ ಕಾರಣ, ಅದು ಗೇರ್ ಬದಲಿಸುವುದನ್ನು ಬಿಟ್ಟು ಲಿಂಪ್ ಮೋಡಿಗೆ, ಅಂದರೆ ಗೇರ್‌ಬಾಕ್ಸನ್ನು ಕಾಪಾಡಲು ಒಂದೇ ಗೇರಿನಲ್ಲಿ ಓಡಿಸುವ ಸ್ಥಿತಿಗೆ, ಹೋಗುತ್ತದೆ. ಹಾಗಾಗಿ ಈ ಕೋಡ್ ಒಂದನ್ನೇ ನೋಡಿ ಗೇರ್‌ಬಾಕ್ಸ್ ಇಳಿಸಲು ದಯವಿಟ್ಟು ಒಪ್ಪಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಮೊದಲು ವೈರಿಂಗ್ ಡಯಾಗ್ರಾಂ ನೋಡಿ ಸೆನ್ಸರ್ ಯಾವ ಬಗೆಯದೆಂದು ತಿಳಿದುಕೊಳ್ಳಿ. ಒಂದು ಬಗೆಯಲ್ಲಿ ಆಯಸ್ಕಾಂತದ ಸುತ್ತ ತಂತಿಯ ಕಾಯಿಲ್ ಇರುತ್ತದೆ. ಹಲ್ಲಿನ ಚಕ್ರ ಅದರ ಮುಂದೆ ತಿರುಗಿದಾಗ ಪ್ರತಿ ಹಲ್ಲಿಗೂ ಒಂದು ಎಸಿ ಅಲೆ ಹುಟ್ಟುತ್ತದೆ. ಚಕ್ರಕ್ಕೆ 48 ಹಲ್ಲುಗಳಿದ್ದು ಸೆಕೆಂಡಿಗೆ 1600 ಅಲೆಗಳು ಬಂದರೆ ಶಾಫ್ಟ್ 2000 ಆರ್‌ಪಿಎಂನಲ್ಲಿದೆ ಎಂದರ್ಥ. ಈ ಬಗೆಯ ಸೆನ್ಸರನ್ನು ಮಲ್ಟಿಮೀಟರಿನಿಂದ ಓಮ್‌ನಲ್ಲಿ ಅಳೆದು ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಬಹುದು. ತಣ್ಣಗಿರುವಾಗ ಒಮ್ಮೆ, ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಮತ್ತೊಮ್ಮೆ ಅಳೆಯಿರಿ. ಕಾಯಿಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅದು ಬಿಸಿಯಾದಾಗ ಮಾತ್ರ ಬಾಯಿಬಿಡುತ್ತದೆ. ಇನ್ನೊಂದು ಹಾಲ್ ಬಗೆ, ಅಂದರೆ ಆಯಸ್ಕಾಂತ ಕ್ಷೇತ್ರದ ಬದಲಾವಣೆಯನ್ನು ಎಲೆಕ್ಟ್ರಾನಿಕ್ ಚಿಪ್ಪಿನಿಂದ ಗುರುತಿಸುವುದು. ಅದಕ್ಕೆ ಹೊರಗಿನಿಂದ ವೋಲ್ಟೇಜ್ ಬೇಕು, ಓಮ್ ಅಳತೆ ಅಲ್ಲಿ ಉಪಯೋಗಕ್ಕೆ ಬಾರದು. ಸಪ್ಲೈ, ಅರ್ತ್ ಮತ್ತು ಸಂಕೇತಗಳನ್ನು ನೋಡಬೇಕು. ಎರಡರಲ್ಲೂ ಕನೆಕ್ಟರ್ ಬಿಚ್ಚಿ ಪಿನ್ನುಗಳಿಗೆ ಎಣ್ಣೆ, ಕಿಲುಬು ಹತ್ತಿದೆಯೇ ಎಂದು ಗಮನಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ತೊಂದರೆ ಆಗಾಗ ಮಾತ್ರ ಬರುವುದರಿಂದ ನಿಲ್ಲಿಸಿದ ಗಾಡಿಯಲ್ಲಿ ಅದು ಸಿಗದೇ ಹೋದರೆ ಏನು ಮಾಡಬೇಕು?

ಉತ್ತರ 3

ಸ್ಕ್ಯಾನರಿನ ಲೈವ್ ಡೇಟಾವನ್ನು ರೆಕಾರ್ಡ್ ಮಾಡುತ್ತಾ ಓಡಿಸಿ. ಪರದೆ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಚಕ್ರದ ವೇಗ ಸ್ಥಿರವಾಗಿರುವಾಗಲೇ ಔಟ್‌ಪುಟ್ ವೇಗ ತಟ್ಟನೆ ಸೊನ್ನೆಗೆ ಬಿದ್ದರೆ ದೋಷ ಸೆನ್ಸರ್, ವೈರ್ ಅಥವಾ ಕನೆಕ್ಟರಿನದು. ಸಂಕೇತಗಳು ಕಡಿಯದೆ ಬರುತ್ತಿದ್ದು ಅನುಪಾತ ಮಾತ್ರ ತಪ್ಪಿದರೆ ಕ್ಲಚ್ ಜಾರುವಿಕೆಯನ್ನು ಸಂಶಯಿಸಬೇಕು. ಆಗ ಸಾಮಾನ್ಯವಾಗಿ ಪಿ0730ರ ಸಾಲಿನ ಕೋಡುಗಳು ಬರುತ್ತವೆ. ಕೆಲವು ಗೇರ್‌ಬಾಕ್ಸುಗಳಲ್ಲಿ ಈ ಸೆನ್ಸರ್ ಒಳಗೇ ಇರುತ್ತದೆ; ಅಂಥವುಗಳಲ್ಲಿಯೂ ಹಲವಕ್ಕೆ ಆಯಿಲ್ ಪ್ಯಾನ್ ಬಿಚ್ಚಿದರೆ ಸಾಕಾಗುತ್ತದೆ. ಬಿಚ್ಚಿದಾಗ ಪ್ಯಾನಿನೊಳಗಿನ ಆಯಸ್ಕಾಂತಕ್ಕೆ ಅಂಟಿರುವುದು ನುಣ್ಣನೆಯ ಬೂದು ಪುಡಿಯೋ, ಲೋಹದ ಚೂರುಗಳೋ ಎಂದು ನೀವೇ ನಿಂತು ನೋಡಿ. ಪುಡಿ ಸಹಜ ಸವೆತದ್ದು. ಚೂರುಗಳಿದ್ದರೆ ಮಾತ್ರ ಗ್ಯಾರೇಜಿನವರ ಮಾತಿಗೆ ಆಧಾರವಿದೆ.