ಸಹಾಯ ಬೇಕು: ಶಿನ್ ಸ್ಪ್ಲಿಂಟ್ ಆದ ಮೇಲೆ ಮತ್ತೆ ಓಟ (ಮೈಸೂರು)

ಗುಂಪಿನ ಹಿರಿಯ ಓಟಗಾರರಿಗೆಲ್ಲ ನಮಸ್ಕಾರ. ಶಿನ್ ಸ್ಪ್ಲಿಂಟ್‌ನಿಂದ (ಓಟದ ಹೊಡೆತಕ್ಕೆ ಕಣಕಾಲಿನ ಮೂಳೆಯ ಉದ್ದಕ್ಕೂ ಬರುವ ನೋವು) ಆರು ವಾರ ನಿಂತಿದ್ದ ಓಟ ಮತ್ತೆ ಶುರುವಾಗಿತ್ತು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಐದು ನಿಮಿಷ ಬಿರುಸು ನಡಿಗೆ, ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಎರಡು ವಾರ ತೊಂದರೆ ಇರಲಿಲ್ಲ.

ಮೂರನೇ ವಾರ ಓಟವನ್ನು 2 ನಿಮಿಷಕ್ಕೆ ಏರಿಸಿದ್ದೂ, ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ ಬಿಟ್ಟು ಚಾಮುಂಡಿ ಬೆಟ್ಟದ ಟಾರು ರಸ್ತೆಯಲ್ಲಿ ಇಳಿದಿದ್ದೂ ಒಟ್ಟಿಗೇ ಆಯಿತು. ಒಂದೇ ವಾರದಲ್ಲಿ ಎರಡು ಬದಲಾವಣೆ ಮಾಡಬಾರದಿತ್ತು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದ ಹಾಗೆ, ಕಣಕಾಲಿಗೆ ಹೊಡೆತ ಜಾಸ್ತಿ.

ಈಗ ಬಲಗಾಲಿನ ಮೂಳೆಯ ಒಳಅಂಚಿನಲ್ಲಿ, ಪಾದದ ಗಂಟಿನಿಂದ ಆರು ಬೆರಳು ಮೇಲಿಂದ ಹತ್ತಿರ ಹತ್ತಿರ ಒಂದು ಗೇಣುದ್ದ, ಒತ್ತಿದರೆ ನೋವು. ರಾತ್ರಿ ನೋವಿಲ್ಲ. (ಒಂದೇ ಚುಕ್ಕಿಯಲ್ಲಿ ಚುಚ್ಚಿ, ಮಲಗಿದಾಗಲೂ ನೋಯುವವರು ದಯವಿಟ್ಟು ಓಡಬೇಡಿ, ಮೂಳೆ ಬಿರುಕಿರಬಹುದು, ವೈದ್ಯರಿಗೆ ತೋರಿಸಿ.) ಸದ್ಯ ಓಟ ನಿಲ್ಲಿಸಿ, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸುವ ವ್ಯಾಯಾಮ ನಡೆದಿದೆ: ಮಂಡಿ ನೇರ ಇಟ್ಟು 15, ಬಾಗಿಸಿ 15, ದಿನಕ್ಕೆ ಮೂರು ಸಲ.

ಶೂ 700 ಕಿ.ಮೀ. ಓಡಿದೆ. ಹಿಮ್ಮಡಿಯ ಹೊರಅಂಚು ಉಗುರಿನಷ್ಟು ಸವೆದು, ಫೋಮಿನ ಪಕ್ಕದಲ್ಲಿ ಸುಕ್ಕು ಬಿದ್ದಿದೆ.

ಬೇಕಿರುವುದು ಇಷ್ಟು: ಓಡಿಸಿ ನೋಡಿ ಶೂ ಕೊಡುವ ಅಂಗಡಿ ಊರಲ್ಲಿ ಎಲ್ಲಿದೆ? ಸರಸ್ವತಿಪುರಂ, ಕುವೆಂಪುನಗರದ ಕಡೆ ಓಟಗಾರರನ್ನೇ ನೋಡುವ ಫಿಸಿಯೋಥೆರಪಿಸ್ಟ್ ಇದ್ದಾರಾ? ಮುಖ್ಯವಾಗಿ, ಬೆಳಗ್ಗೆ ಮಾತಾಡಿಕೊಂಡೇ ಓಡುವಷ್ಟು ನಿಧಾನಕ್ಕೆ ಜೊತೆಗೆ ಬರುವವರಿದ್ದರೆ ತಿಳಿಸಿ. ಒಬ್ಬರೇ ಓಡಿದರೆ ವೇಗ ತಾನಾಗಿ ಏರಿಬಿಡುತ್ತದೆ.