ಫ್ಲೂ ಲಸಿಕೆ: ಚಳಿಗಾಲಕ್ಕೆ ಮುಂಚೆಯೋ, ಮಳೆಗಾಲಕ್ಕೆ ಮುಂಚೆಯೋ?

ಎಳೆಬಿಸಿಲು:
ಮಗಳಿಗೆ 8 ತಿಂಗಳು, ತೂಕ 8 ಕೆ.ಜಿ. ಅಣ್ಣ ಯುಕೆಜಿ. ಅಕ್ಟೋಬರಿನಲ್ಲಿ ಲಸಿಕೆ ಹಾಕಿಸಿ ಅಂತ ಅಮೆರಿಕದ ವೆಬ್‌ಸೈಟುಗಳಲ್ಲಿದೆ. ಬೆಂಗಳೂರಲ್ಲಿ ಜುಲೈಗೇ ಮಕ್ಕಳ ಕ್ಲಿನಿಕ್ಕುಗಳಲ್ಲಿ ಕೂರೋಕೆ ಜಾಗ ಇರಲ್ಲ. ಈಗ ಏಪ್ರಿಲ್. ಹಾಕಿಸೋದಾ, ಕಾಯೋದಾ?

ತುಂಗಾತೀರ:
ಕಾಯಬೇಡಿ. ಫ್ಲೂ ಇಲ್ಲಿ ಮಳೆಯ ಜೊತೆ ಬರುತ್ತೆ: ಜುಲೈನಿಂದ ಸೆಪ್ಟೆಂಬರ್‌ವರೆಗೆ ಜೋರು, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಅಲೆ. ಹಿಂಗಾರು ಮಳೆಯ ಚೆನ್ನೈನಲ್ಲಿ ಅಕ್ಟೋಬರ್-ನವೆಂಬರ್. ಚಳಿ ಊರಾದ ಶ್ರೀನಗರದಲ್ಲಿ ಮಾತ್ರ ಅಮೆರಿಕದ ಲೆಕ್ಕ ಸರಿಹೋಗುತ್ತೆ. ಮಳೆಗೆ ಎಲ್ಲರೂ ಕಿಟಕಿ ಮುಚ್ಚಿ ಒಳಗೇ ಇರ್ತಾರೆ, ಶಾಲೆ ಶುರುವಾಗೋದೂ ಅದೇ ಹೊತ್ತಿಗೆ. ಅಣ್ಣ ತಂದ ನೆಗಡಿ ತಂಗಿಗೆ ಅಂಟೋಕೆ ಹೆಚ್ಚು ದಿನ ಬೇಕಿಲ್ಲ.

ಮೊದಲ ಸಲ ಹಾಕಿಸುವಾಗ ಮಗಳಿಗೆ ಎರಡು ಡೋಸ್ ಬೇಕು, ನಡುವೆ 4 ವಾರ. ಎರಡನೆಯದಾದ ಮೇಲೆ ರಕ್ಷಣೆ ಬರೋಕೆ ಇನ್ನೂ ಸುಮಾರು 2 ವಾರ. ಈಗ ಶುರುಮಾಡಿದರೆ ಜೂನ್ ಹೊತ್ತಿಗೆ ಸಿದ್ಧ. ಡಬ್ಬಿ ಮೇಲೆ ಯಾವ ವರ್ಷದ ವೈರಸ್ ತಳಿಗೆ ಮಾಡಿದ ಲಸಿಕೆ ಅಂತ ಓದಿ. ಹಳೇ ಸ್ಟಾಕ್ ಬೇಡ. ಅಣ್ಣನಿಗೂ ಹಾಕಿಸಿ.

ಎಳೆಬಿಸಿಲು:
ಹಾಗಾದರೆ ಉಬ್ಬಸ ಬರಲ್ಲ ತಾನೇ?

ಬೇವಿನಕಟ್ಟೆ:
ಬರಬಹುದು. ಎಳೆ ಮಕ್ಕಳಲ್ಲಿ ಎದೆ ಗೊರಗೊರ ಅನ್ನಿಸೋದು ಹೆಚ್ಚಾಗಿ ಆರ್‌ಎಸ್‌ವಿ ಅನ್ನೋ ಬೇರೆ ವೈರಸ್. ಅದೂ ನಮ್ಮ ಕಡೆ ಮಳೆಗಾಲದಲ್ಲೇ ಏರುತ್ತೆ, ಆದರೆ ಫ್ಲೂ ಲಸಿಕೆ ಅದನ್ನ ತಡೆಯಲ್ಲ. ಮೊದಲೆರಡು ದಿನ ಬರೀ ನೆಗಡಿ, 3ರಿಂದ 5ನೇ ದಿನ ಉಸಿರಾಟ ಬಿಗಡಾಯಿಸುತ್ತೆ. ಎರಡನೇ ದಿನ ಚೆನ್ನಾಗಿದ್ದಾಳೆ ಅಂತ ಮೈಮರೆಯಬೇಡಿ. ಕೆಮ್ಮು ಮಾತ್ರ 2-3 ವಾರ ಎಳೆಯುತ್ತೆ. ಅದಕ್ಕಾಗಿ ಆ್ಯಂಟಿಬಯಾಟಿಕ್ ಕೇಳಬೇಡಿ, ವೈರಸ್ಸಿಗೆ ಅದು ನಾಟಲ್ಲ.

ಉಸಿರು ಎಣಿಸೋದು ಕಲಿಯಿರಿ. ಮಗು ಅಳದೆ ಇದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಲೆಕ್ಕ ತಪ್ಪುತ್ತೆ, ಎಳೆ ಮಕ್ಕಳ ಉಸಿರು ಒಂದೇ ಸಮ ಇರಲ್ಲ. 2 ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ಡಾಕ್ಟರಿಗೆ ತೋರಿಸಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿದ್ದರೆ, ಹಾಲು ಅರ್ಧಕ್ಕಿಂತ ಕಡಿಮೆಯಾದರೆ, ತುಟಿ ನೀಲಿಯಾದರೆ ಎಣಿಸ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಮೂಗು ಕಟ್ಟಿದರೆ ಹಾಲು ಎಳೆಯೋಕಾಗಲ್ಲ. ಕುಡಿಸೋ ಮುಂಚೆ ಎರಡೂ ಹೊಳ್ಳೆಗೆ ಎರಡೆರಡು ಹನಿ ಸಲೈನ್ ಬಿಡಿ. ಕೆಮ್ಮಿನ ಸಿರಪ್ ಬೇಡವೇ ಬೇಡ. ವರ್ಷ ತುಂಬೋವರೆಗೆ ಜೇನುತುಪ್ಪವೂ ಬೇಡ.

ತುಂಗಾತೀರ:
ಜ್ವರದ ಔಷಧಿಯಲ್ಲೂ ಎಡವಟ್ಟಾಗುತ್ತೆ. ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ, ನಿಮ್ಮ ಮಗಳಿಗೆ ಒಂದು ಸಲಕ್ಕೆ 120. 5 ಮಿ.ಲೀ.ಗೆ 120 ಇರುವ ಸಿರಪ್ ಆದರೆ 5 ಮಿ.ಲೀ.; 5 ಮಿ.ಲೀ.ಗೆ 250 ಇರುವುದಾದರೆ 2.4 ಮಿ.ಲೀ.; 1 ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ 1.2 ಮಿ.ಲೀ. ಮಾತ್ರ. ಡ್ರಾಪ್ಸನ್ನ ಸಿರಪ್ ಅಂದ್ಕೊಂಡು 5 ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟು ದಾಟುತ್ತೆ. ಚಮಚ ಬಿಟ್ಟು ಸಿರಿಂಜಿನಲ್ಲಿ ಅಳೆಯಿರಿ. ಡೋಸ್‌ಗಳ ನಡುವೆ 4ರಿಂದ 6 ಗಂಟೆ ಇರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು.