ಟ್ಯಾಪೆಟ್‌ಗೆ ಬಿಡಬೇಕಾದದ್ದು ಸಂದೋ, ಆಟವೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿತ್ತು.

ಮಂಡ್ಯದ ನಮ್ಮ ಬೀದಿಯ ಹುಡುಗರಿಗೆ ಅಂತ, ಬೈಕಿನ ಟ್ಯಾಪೆಟ್ಟನ್ನು (ಇಂಜಿನ್ ವಾಲ್ವಿನ ಮೇಲಿನ ಸ್ಕ್ರೂ, ಅದರ ಜಾಗ) ಮನೆಯಲ್ಲೇ ಸೆಟ್ ಮಾಡಿಕೊಳ್ಳುವುದು ಹೇಗೆ ಎಂದು ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ನಟ್ಟು, ಬೋಲ್ಟು, ಸ್ಪ್ಯಾನರ್ ಎಲ್ಲ ಸಲೀಸಾಗಿ ಬಂದವು. ಒಂದು ಕಡೆ ಮಾತ್ರ ಪೆನ್ನು ನಿಂತುಬಿಟ್ಟಿದೆ. ವಾಲ್ವನ್ನು ಒತ್ತಿ ತೆರೆಯುವ ತೋಳು ರಾಕರ್. ಅದರ ತುದಿಯ ಸ್ಕ್ರೂಗೂ ವಾಲ್ವ್ ಕಡ್ಡಿಯ ಮೇಲ್ತುದಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕಲ್ಲ, ಅದಕ್ಕೆ ಏನಂತ ಬರೆಯಲಿ?

ಕೂದಲೆಳೆ ಅನ್ನುವುದು ಇಲ್ಲಿ ಬರೀ ಮಾತಲ್ಲ. ಸಣ್ಣ ಬೈಕುಗಳಲ್ಲಿ ಈ ಜಾಗ ಸಾಮಾನ್ಯವಾಗಿ 0.05ರಿಂದ 0.15 ಮಿಲಿಮೀಟರ್ ಒಳಗಿರುತ್ತದೆ. ತಲೆಕೂದಲಿನ ದಪ್ಪವೂ ಹೆಚ್ಚುಕಡಿಮೆ ಇಷ್ಟೇ. ಯಾವ ಬೈಕಿಗೆ ಎಷ್ಟು ಅನ್ನುವುದು ಅದರ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ.

ಮೊದಲು ನಾನು ಬರೆದದ್ದು ‘ಅಂತರ’. ಓದಿ ನೋಡಿದರೆ ಊರಿಂದೂರಿಗೆ ಇರುವ ದೂರದ ಹಾಗೆ ಕೇಳಿಸಿತು. ‘ಎಡೆ’ ಒಳ್ಳೆಯ ಹಳೆಯ ಪದ. ಆದರೆ ನಮ್ಮ ಕಡೆ ಎಡೆ ಅಂದರೆ ಹಿರಿಯರಿಗೆ ಇಡುವ ಎಡೆಯೇ ನೆನಪಾಗುತ್ತದೆ. ‘ತೆರಪು’ ಪುಸ್ತಕದಲ್ಲಿದೆ, ಗ್ಯಾರೇಜಿನಲ್ಲಿಲ್ಲ. ಕೊನೆಗೆ ಉಳಿದದ್ದು ‘ಸಂದು’. ಎಲ್ಲರಿಗೂ ಗೊತ್ತಿರುವ ಪದ, ಚಿಕ್ಕದಾಗಿಯೂ ಇದೆ. ಇದೇ ಸರಿ ಅಂದುಕೊಂಡಿದ್ದೆ. ಆಮೇಲೆ ಹೋದ ವರ್ಷ ನಡೆದದ್ದು ನೆನಪಾಯಿತು.

ನನ್ನ ನೂರು ಸಿಸಿ ಬೈಕಿನ ಹೆಡ್ಡಿನಲ್ಲಿ ಟಿಕ್ ಟಿಕ್ ಸದ್ದು ಬರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನೇ ಕೂತು ಟ್ಯಾಪೆಟ್ ಕ್ಯಾಪ್ ಬಿಚ್ಚಿದೆ. ಸಂದು ಕಂಡಿತು. ಸಂದು ಕಂಡರೆ ನಮ್ಮ ಕೈ ಏನು ಮಾಡುತ್ತದೆ? ಮುಚ್ಚುತ್ತದೆ. ಗೋಡೆಯಲ್ಲಿ ಸಂದಿದ್ದರೆ ಗಾರೆ ಮೆತ್ತುತ್ತೇವೆ. ಬಾಗಿಲ ಸಂದಿಗೆ ಬಟ್ಟೆ ತುರುಕುತ್ತೇವೆ. ನಾನೂ ಸದ್ದು ಪೂರ್ತಿ ಅಡಗುವವರೆಗೆ ಸ್ಕ್ರೂ ಇಳಿಸಿದೆ. ಬೈಕು ಹೊಸದರ ಹಾಗೆ ನಿಶ್ಶಬ್ದವಾಯಿತು. ತುಂಬಾ ಖುಷಿಪಟ್ಟೆ. ಮುಂದಿನ ವಾರ ಚಾಮುಂಡಿ ಬೆಟ್ಟ ಹತ್ತುವಾಗ ಎಳೆತವೇ ಇಲ್ಲ. ಬೆಳಿಗ್ಗೆ ಕಿಕ್ ಹೊಡೆದೂ ಹೊಡೆದೂ ಕಾಲು ನೋವು.

ಮನೆ ಹತ್ತಿರದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಇಂಜಿನ್ ತಣ್ಣಗಾಗುವವರೆಗೂ ಕೈ ಹಾಕಲಿಲ್ಲ. ಆಮೇಲೆ ಕ್ಯಾಪ್ ತೆಗೆದು, ಪಿಸ್ಟನ್ ಮೇಲಕ್ಕೆ ತಂದು, ರಾಕರನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲೇ ಇಲ್ಲ.

“ಸದ್ದು ಹೋಯ್ತು ಅಂತ ಖುಷಿ ಪಟ್ಕೊಂಡ್ರೆ ಆಯ್ತಾ? ಆಟನೇ ಬುಟ್ಟಿಲ್ವಲ್ಲಪ್ಪ ನೀನು” ಅಂದರು.

ಆಟ! ಆ ಒಂದು ಪದದಲ್ಲಿ ನನಗೆ ಎಲ್ಲ ಅರ್ಥವಾಯಿತು. ಕಬ್ಬಿಣ ಕಾದರೆ ಹಿಗ್ಗುತ್ತದೆ, ವಾಲ್ವ್ ಕಡ್ಡಿ ಉದ್ದವಾಗುತ್ತದೆ. ಆಟ ಬಿಟ್ಟಿಲ್ಲ ಅಂದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಒತ್ತಡ ಸೋರುತ್ತದೆ, ಎಳೆತ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಆ ಸೀಟಿನ ಮೂಲಕವೇ. ಕೂರದಿದ್ದರೆ ಬಿಸಿ ಇಳಿಯುವುದಿಲ್ಲ. ಹೊಗೆ ಬಿಡುವ ಕಡೆಯ ವಾಲ್ವ್ ಮೊದಲು ಸುಡುತ್ತದೆ. ಆಟ ಜಾಸ್ತಿಯಾದರೆ ಸದ್ದು ಮಾಡಿ ಹೇಳುತ್ತದೆ, ಕಡಿಮೆಯಾದರೆ ಸದ್ದೇ ಇಲ್ಲದೆ ಹಾಳು ಮಾಡುತ್ತದೆ.

ನನ್ನ ವಾದ ಇಷ್ಟು. ‘ಸಂದು’ ಮುಚ್ಚು ಅನ್ನುತ್ತದೆ, ‘ಆಟ’ ಬಿಡು ಅನ್ನುತ್ತದೆ. ಕೈಗೆ ಸರಿಯಾದ ಕೆಲಸ ಹೇಳುವ ಪದ ಎರಡನೆಯದು. ಇದು ಗ್ಯಾರೇಜಿನಲ್ಲಿ ಹುಟ್ಟಿದ ಪದವೂ ಅಲ್ಲ. ಎತ್ತಿನ ಗಾಡಿಯ ಗಾಲಿಗೂ ಕಡಾಣಿಗೂ ನಡುವೆ ಆಟ ಬೇಕು. ಕರುವಿನ ಕೊರಳಿಗೆ ಹಗ್ಗ ಕಟ್ಟುವಾಗ ನಮ್ಮಜ್ಜಿ “ಎರಡು ಬೆರಳು ಆಡೋ ಹಂಗೆ ಕಟ್ಟು” ಅನ್ನುತ್ತಿದ್ದರು. ಗಾಳಿಯಾಡು, ಉಸಿರಾಡು, ಕಾಲಾಡಿಸು, ಇವುಗಳಲ್ಲೆಲ್ಲ ಇರುವ ‘ಆಡು’ ಇದೇ ಅಲ್ವಾ?

ಇದಕ್ಕೆ ಒಂದು ತಕರಾರಿದೆ, ಅದನ್ನೂ ಹೇಳುತ್ತೇನೆ. ‘ವಾಲ್ವಿನ ಆಟ’ ಅಂತ ಬರೆದರೆ ವಾಲ್ವ್ ಮೇಲೆ ಕೆಳಗೆ ಓಡಾಡುವ ಉದ್ದ ಅಂತಲೂ ಓದಬಹುದು. ಅದು ಬೇರೆಯೇ ಅಳತೆ, ಮಿಲಿಮೀಟರುಗಟ್ಟಲೆ ಇರುತ್ತದೆ. ಹಾಗಾಗಿ ‘ಟ್ಯಾಪೆಟ್ ಆಟ’ ಅಂತ ಬರೆದರೆ ಗೊಂದಲ ತಪ್ಪುತ್ತದೆ ಅನಿಸುತ್ತದೆ. ಇಲ್ಲೂ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನಲ್ಲಿ ಟ್ಯಾಪೆಟ್ ಅಂದರೆ ಕ್ಯಾಮ್ ಎಂಬ ತಿರುಗುವ ಉಬ್ಬಿನ ಮೇಲೆ ಕೂತು ಏರಿಳಿಯುವ ಬಿಡಿ ಭಾಗ. ಹಳೆಯ ಬುಲೆಟ್‌ನಲ್ಲಿ ಅದು ನಿಜವಾಗಿಯೂ ಇದೆ. ನಾವು ದಿನಾ ಓಡಿಸುವ ನೂರು ಸಿಸಿ ಬೈಕುಗಳಲ್ಲಿ ಆ ಭಾಗವೇ ಇಲ್ಲ. ಕ್ಯಾಮ್ ನೇರವಾಗಿ ರಾಕರನ್ನು ಎತ್ತುತ್ತದೆ. ಆದರೂ ನಾವು ಆ ಸ್ಕ್ರೂ, ಅದರ ನಟ್ಟು, ಅದರ ಜಾಗ ಎಲ್ಲಕ್ಕೂ ಸೇರಿಸಿ ಟ್ಯಾಪೆಟ್ ಅನ್ನುತ್ತೇವೆ. ಇದು ತಪ್ಪಲ್ಲ. ಪದ ನಮ್ಮಲ್ಲಿಗೆ ಬಂದು ತನ್ನದೇ ಅರ್ಥ ಪಡೆದಿದೆ.

ಈ ಜಾಗಕ್ಕೆ ‘ಗ್ಯಾಪ್’ ಅನ್ನುವುದೂ ಇದೆ, ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಜಾಸ್ತಿ. ಅದಕ್ಕೆ ಕಾರಣ ಜಾವಾ ಇರಬಹುದು ಅಂತ ನನ್ನ ಊಹೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳೆಲ್ಲ ಟೂ ಸ್ಟ್ರೋಕ್. ಅವುಗಳ ಹೆಡ್ಡಿನಲ್ಲಿ ವಾಲ್ವೇ ಇಲ್ಲ, ಟ್ಯಾಪೆಟ್ಟೂ ಇಲ್ಲ. ಅಲ್ಲಿ ಸೆಟ್ ಮಾಡುತ್ತಿದ್ದದ್ದು ಪಾಯಿಂಟ್ ಗ್ಯಾಪ್. ಅದು ನಿಜಕ್ಕೂ ಗ್ಯಾಪ್, ಕಿಡಿ ಹುಟ್ಟಿಸಲು ಸಂಪರ್ಕ ಬಿಡಿಸುವ ಜಾಗ. ಟ್ಯಾಪೆಟ್ಟಿನದು ಲೋಹ ಹಿಗ್ಗಲು ಬಿಟ್ಟ ಜಾಗ. ಎರಡಕ್ಕೂ ಒಂದೇ ಪದ ಸಾಲದು.

ವಾಲ್ವ್‌ಗೆ ಪಠ್ಯಪುಸ್ತಕದ ಪದ ‘ಕವಾಟ’. ಹೃದಯಕ್ಕೆ ಅದು ಒಗ್ಗಿಹೋಗಿದೆ, ಇಂಜಿನ್ನಿಗೆ ಒಗ್ಗಲಿಲ್ಲ. ಕವಾಟ ಅಂದರೆ ಬಾಗಿಲು. ಆದರೆ ಇಂಜಿನ್ ವಾಲ್ವ್ ಬಾಗಿಲಿನ ಹಾಗೆ ತೆರೆಯುವುದಿಲ್ಲ. ಅದಕ್ಕೆ ಹತ್ತಿರದ ನೆಂಟ ನಮ್ಮ ಹಳೆಯ ಕೆರೆಗಳ ತೂಬು. ಎರಡು ಕಲ್ಲುಕಂಬ, ಅಡ್ಡಹಾಸಿನ ತೂತಿನಿಂದ ಇಳಿಬಿಟ್ಟ ಉದ್ದನೆಯ ಕೋಲು, ಅದರ ತುದಿಯಲ್ಲಿ ಬಿರಡೆ. ಮೇಲಿಂದ ಎತ್ತಿದರೆ ನೀರು, ಬಿಟ್ಟರೆ ಬಂದ್. ಕಡ್ಡಿ, ತಲೆ, ಕೂರುವ ಕುಳಿ, ಮೂರೂ ಇವೆ. ಬಿರಡೆ ಕುಳಿಯಲ್ಲಿ ಸರಿಯಾಗಿ ಕೂರದಿದ್ದರೆ ತೂಬು ಸೋರುತ್ತದೆ ಅನ್ನುವುದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನಾನು ‘ವಾಲ್ವ್’ ಅಂತಲೇ ಬರೆದು, ಅರ್ಥ ಮಾಡಿಸಲು ಈ ತೂಬನ್ನು ತಂದಿದ್ದೇನೆ.

ಇನ್ನೊಂದು ಪ್ರಶ್ನೆ ಫಿಲ್ಲರ್ ಗೇಜ್ ಬಗ್ಗೆ, ಅಂದರೆ ಈ ಜಾಗದಲ್ಲಿ ತೂರಿಸಿ ಅಳೆಯುವ ತೆಳ್ಳನೆಯ ಲೋಹದ ಎಲೆಗಳ ಬಗ್ಗೆ. ಸರಿಯಾದ ಹೆಸರು ಫೀಲರ್. ನಮ್ಮಲ್ಲಿ ಎಲ್ಲರೂ ಫಿಲ್ಲರ್ ಅನ್ನುತ್ತಾರೆ, ನಾನೂ ಹಾಗೇ ಬರೆದಿದ್ದೇನೆ. ನನಗೆ ಪದ ಸಿಗದಿರುವುದು ಆ ಎಲೆಯನ್ನು ಎಳೆಯುವಾಗ ಬೆರಳಿಗೆ ಸಿಗುವ ಅನುಭವಕ್ಕೆ. ಬಿಗಿ ಅಂದರೆ ಜಾಸ್ತಿಯಾಯಿತು, ಸಡಿಲ ಅಂದರೆ ಕಡಿಮೆಯಾಯಿತು. ವೀಳ್ಯದೆಲೆ ಕಟ್ಟಿನ ನಡುವಿನಿಂದ ಒಂದು ಎಲೆ ಎಳೆದ ಹಾಗೆ ಅಂತ ಬರೆದಿದ್ದೇನೆ. ಎಲೆ ಹರಿಯಬಾರದು, ಸುಮ್ನೆ ಜಾರಿಯೂ ಬರಬಾರದು. ಆಮೇಲೆ ಸ್ಕ್ರೂ ಅಲ್ಲಾಡದ ಹಾಗೆ ಹಿಡಿದು ಲಾಕ್ ನಟ್ ಬಿಗಿ ಮಾಡಿ, ಮತ್ತೆ ಎಳೆದು ನೋಡಬೇಕು. ಬಿಗಿ ಮಾಡುವಾಗಲೇ ಅಳತೆ ಬದಲಾಗಿಬಿಡುತ್ತದೆ. ಈ ಅನುಭವಕ್ಕೆ ‘ನವಿರು ಹಿಡಿತ’ ಅಂದರೆ ನಡೆಯುತ್ತದೆಯೇ? ಮಗ್ಗದವರೋ ಅಕ್ಕಸಾಲಿಗರೋ ಬಳಸುವ ಬೇರೆ ಪದ ಇದೆಯೇ?

‘ಆಟ’ ಅನ್ನುವುದು ಹಾಸನ, ಶಿವಮೊಗ್ಗ, ಧಾರವಾಡ, ಕಲಬುರಗಿ ಕಡೆ ಗ್ಯಾರೇಜುಗಳಲ್ಲಿ ಇದೇ ಅರ್ಥದಲ್ಲಿ ಇದೆಯೇ? ಕಂಪನಿಯ ಪುಸ್ತಕದ ಮಾತಲ್ಲ, ಸ್ಪ್ಯಾನರ್ ಹಿಡಿದವರು ಆಡುವ ಮಾತು ಬೇಕು. ನಿಮ್ಮೂರಿನ ಪದ ಬೇರೆಯಾಗಿದ್ದರೆ, ಅದನ್ನು ಕೇಳಿದ ಪೂರ್ತಿ ವಾಕ್ಯದ ಸಮೇತ ದಯವಿಟ್ಟು ಬರೆಯಿರಿ.